ಸೆಲ್ ಸತ್ತರೆ ಸೆಟ್ಟಿಂಗೂ ಹೋಗುತ್ತದೆ: ಕಂಪ್ಯೂಟರ್ ಪ್ರಶ್ನೋತ್ತರ

ಪ್ರಶ್ನೆ: ನಮ್ಮ ಡೆಸ್ಕ್‌ಟಾಪ್‌ಗೆ ಏಳು ವರ್ಷ. ರಾತ್ರಿ ಪ್ಲಗ್ ತೆಗೆದಿಟ್ಟರೆ ಬೆಳಿಗ್ಗೆ ತಾರೀಖು ವರ್ಷಗಟ್ಟಲೆ ಹಿಂದಕ್ಕೆ ಹೋಗಿರುತ್ತದೆ, ‘ಎಫ್1 ಒತ್ತಿ’ ಎಂದು ಕೇಳುತ್ತದೆ. ಬ್ಯಾಂಕಿನ ಜಾಲತಾಣ ತೆರೆಯುವುದಿಲ್ಲ. ಈಗ ವಿಂಡೋಸ್ ಕೂಡ ನೀಲಿ ಪರದೆ ತೋರಿಸಿ ನಿಂತುಬಿಡುತ್ತಿದೆ. ಅಂಗಡಿಯವರು ಫಾರ್ಮ್ಯಾಟ್ ಮಾಡಬೇಕು ಎನ್ನುತ್ತಾರೆ.
– ಓದುಗರು, ಶಿರಸಿ

ಉತ್ತರ: ಫಾರ್ಮ್ಯಾಟ್‌ಗೆ ಈಗಲೇ ಒಪ್ಪಬೇಡಿ. ನೀವು ಹೇಳಿದ ಮೊದಲ ಮೂರು ತೊಂದರೆಗಳಿಗೂ ಮೂಲ ಒಂದೇ, ಮದರ್‌ಬೋರ್ಡ್ ಮೇಲಿನ ನಾಣ್ಯದಾಕಾರದ ಸೆಲ್. ಕರೆಂಟ್ ಇಲ್ಲದಾಗ ಬೋರ್ಡಿನ ಗಡಿಯಾರ ಓಡಿಸುವುದು ಅದೇ. ಅದರ ಹೆಸರು ಸಿಆರ್2032. ವ್ಯಾಸ 20 ಮಿ.ಮೀ., ದಪ್ಪ 3.2 ಮಿ.ಮೀ., 3 ವೋಲ್ಟ್. ಪ್ಲಗ್ ಹಾಕಿ ಸ್ವಿಚ್ ಒತ್ತಿಟ್ಟಿರುವಷ್ಟು ಕಾಲ ಗಡಿಯಾರಕ್ಕೆ ಕಂಪ್ಯೂಟರಿನೊಳಗಿನ ವಿದ್ಯುತ್ ಪೂರೈಕೆ ಪೆಟ್ಟಿಗೆಯಾದ ಎಸ್‌ಎಂಪಿಎಸ್‌ನಿಂದಲೇ ಕರೆಂಟ್ ಸಿಗುತ್ತದೆ. ಹಾಗಾಗಿ ಸೆಲ್ ಸತ್ತಿದ್ದರೂ ಪ್ಲಗ್ ತೆಗೆಯುವವರೆಗೆ ಗೊತ್ತಾಗುವುದಿಲ್ಲ. ತಾರೀಖು ತಪ್ಪಿದ್ದರೆ ಜಾಲತಾಣದ ಭದ್ರತಾ ಸರ್ಟಿಫಿಕೇಟ್‌ನ ಅವಧಿ ತಾಳೆಯಾಗುವುದಿಲ್ಲ, ಬ್ರೌಸರ್ ತಡೆಯುತ್ತದೆ. ಬ್ಯಾಂಕಿನ ಪುಟ ತೆರೆಯದಿರುವುದು ಇದಕ್ಕೇ.

ಗೋಡೆಯ ಪ್ಲಗ್ ತೆಗೆದು, ಪವರ್ ಬಟನ್ನನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಆಮೇಲೆ ಕ್ಲಿಪ್ ಪಕ್ಕಕ್ಕೆ ಸರಿಸಿ ಸೆಲ್ ಬದಲಿಸಿ, ಪ್ಲಸ್ ಗುರುತು ಮೇಲೆ ಬರಲಿ. ಮಲ್ಟಿಮೀಟರ್ ಇದ್ದರೆ ಹಳೆಯದನ್ನು ಅಳೆದು ನೋಡಿ, 2.8 ವೋಲ್ಟ್‌ಗಿಂತ ಕೆಳಗಿದ್ದರೆ ಅದರ ಕೆಲಸ ಮುಗಿದಿದೆ. ಅಂಗಡಿಯಲ್ಲಿ ಸಿಆರ್2025 ಕೊಟ್ಟು ‘ಇದೂ ನಡೆಯುತ್ತೆ’ ಎಂದರೆ ಬೇಡವೆನ್ನಿ. ವೋಲ್ಟೇಜ್ ಅಷ್ಟೇ ಇದ್ದರೂ ದಪ್ಪ 2.5 ಮಿ.ಮೀ. ಮಾತ್ರ, ಸಡಿಲವಾಗಿ ಕೂರುತ್ತದೆ.

ಇನ್ನು ನೀಲಿ ಪರದೆ. ಸೆಲ್ ಸತ್ತಾಗ ಗಡಿಯಾರದ ಜೊತೆಗೆ ಬಯಾಸ್ (ವಿಂಡೋಸ್‌ಗಿಂತ ಮೊದಲು ಓಡುವ, ಬೋರ್ಡಿನೊಳಗಿನ ತಂತ್ರಾಂಶ) ಸೆಟ್ಟಿಂಗ್‌ಗಳೂ ಕಾರ್ಖಾನೆಯಿಂದ ಬಂದ ಸ್ಥಿತಿಗೆ ಮರಳಿರಬಹುದು. ಅದರಲ್ಲಿ ಹೆಚ್ಚು ಕಾಡುವುದು ಸಾಟಾ ಮೋಡ್, ಅಂದರೆ ಬೋರ್ಡ್ ಡಿಸ್ಕ್ ಜೊತೆ ಮಾತಾಡುವ ರೀತಿ. ರೇಡ್, ಎಎಚ್‌ಸಿಐ ಅದರ ಎರಡು ಬಗೆಗಳು. ರೇಡ್ ಮೋಡ್‌ನಲ್ಲಿ ಇನ್‌ಸ್ಟಾಲ್ ಆದ ವಿಂಡೋಸ್‌ಗೆ ಈಗ ಎಎಚ್‌ಸಿಐ ಎದುರಾದರೆ, ಅಥವಾ ಇದು ತಿರುಗುಮುರುಗಾದರೆ, ಡಿಸ್ಕ್ ಓದುವ ಡ್ರೈವರ್ ಸರಿಹೊಂದದೆ ‘ಇನ್‌ಆಕ್ಸೆಸಿಬಲ್ ಬೂಟ್ ಡಿವೈಸ್’ ಎಂಬ ಸಂದೇಶ ಬರುತ್ತದೆ. ನಿಮ್ಮ ಪರದೆಯಲ್ಲೂ ಅದೇ ಇದ್ದರೆ, ಕಂಪ್ಯೂಟರ್ ಆನ್ ಮಾಡಿದೊಡನೆ ಡಿಲೀಟ್ ಅಥವಾ ಎಫ್2 ಕೀಲಿಯನ್ನು ಬಿಟ್ಟುಬಿಟ್ಟು ಒತ್ತುತ್ತಾ ಬಯಾಸ್ ಒಳಗೆ ಹೋಗಿ. ಅಡ್ವಾನ್ಸ್ಡ್ ವಿಭಾಗದ ಸಾಟಾ ಕಾನ್ಫಿಗರೇಶನ್‌ನಲ್ಲಿ ಮೋಡ್ ಬದಲಿಸಿ, ಎಫ್10 ಒತ್ತಿ ಸೇವ್ ಮಾಡಿ. ವಿಂಡೋಸ್ ತೆರೆದುಕೊಂಡರೆ ಸೆಟ್ಟಿಂಗ್ ಹಾಗೆಯೇ ಇರಲಿ. ರೇಡ್ ಮೆನುವಿನಲ್ಲಿ ಹೊಸ ಅರೇ (ಡಿಸ್ಕ್‌ಗಳ ಗುಂಪು) ರಚಿಸಲು ಮಾತ್ರ ಹೋಗಬೇಡಿ, ದತ್ತಾಂಶ ಅಳಿಯುತ್ತದೆ. ನೀಲಿ ಪರದೆಯ ಬದಲು ‘ಬೂಟ್ ಡಿವೈಸ್ ಇಲ್ಲ’ ಎಂದು ಬಂದರೆ ನೋಡಬೇಕಾದದ್ದು ಸಿಎಸ್‌ಎಂ, ಅಂದರೆ ಹಳೆಯ ರೀತಿಯಲ್ಲಿ ಬೂಟ್ ಮಾಡಿಸುವ ಬಯಾಸ್ ಸೌಲಭ್ಯ: ಎಂಬಿಆರ್ ಎಂಬ ಹಳೆಯ ಪಾರ್ಟಿಷನ್ ಕ್ರಮದ ಡಿಸ್ಕ್‌ನಿಂದ ಶುರುವಾಗುವ ವಿಂಡೋಸ್‌ಗೆ ಅದು ಆನ್ ಆಗಿರಬೇಕು.

ಎಲ್ಲ ಸರಿಹೋದ ಮೇಲೆ ಬಯಾಸ್‌ನ ಪ್ರತಿ ಪುಟದ ಫೋಟೊ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ.

ಇದೇ ತೊಂದರೆ ಬರೆದ ಇನ್ನೊಬ್ಬರ ಗಡಿಯಾರ ಸರಿಯಾಗಿ ಐದೂವರೆ ಗಂಟೆ ಹಿಂದಿದೆ, ಅವರು ವಿಂಡೋಸ್ ಜೊತೆ ಲಿನಕ್ಸ್ ಎಂಬ ಇನ್ನೊಂದು ಕಾರ್ಯಾಚರಣಾ ವ್ಯವಸ್ಥೆಯನ್ನೂ ಹಾಕಿಕೊಂಡಿದ್ದಾರೆ. ಅದು ಸೆಲ್‌ನ ತಪ್ಪಲ್ಲ. ಲಿನಕ್ಸ್ ಸಾಮಾನ್ಯವಾಗಿ ಬೋರ್ಡಿನ ಗಡಿಯಾರದಲ್ಲಿ ವಿಶ್ವಸಮಯ (ಯುಟಿಸಿ) ಬರೆಯುತ್ತದೆ, ವಿಂಡೋಸ್ ಅದನ್ನೇ ಭಾರತದ ಸಮಯವೆಂದು ಓದುತ್ತದೆ.

ಪ್ರಶ್ನೆ: ಹೊಸದಾಗಿ 8 ಜಿಬಿ ರ್‍ಯಾಮ್ ಸೇರಿಸಿದೆ. ಫ್ಯಾನ್ ತಿರುಗುತ್ತದೆ, ಲೈಟ್ ಉರಿಯುತ್ತದೆ, ಪರದೆ ಮಾತ್ರ ಕಪ್ಪು.
– ಓದುಗರು, ದಾವಣಗೆರೆ

ಉತ್ತರ: ರ್‍ಯಾಮನ್ನು ದೂರುವ ಮೊದಲು ಹಿಂಬದಿ ನೋಡಿ. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮಾನಿಟರ್ ಕೇಬಲ್ ಕಾರ್ಡಿನಲ್ಲೇ ಇರಬೇಕು, ಮದರ್‌ಬೋರ್ಡ್‌ನಲ್ಲಲ್ಲ. ಹೆಸರಿನ ಕೊನೆಗೆ ‘ಎಫ್’ ಇರುವ ಇಂಟೆಲ್ ಪ್ರೊಸೆಸರ್‌ಗಳಲ್ಲಿ ಗ್ರಾಫಿಕ್ಸ್ ಇರುವುದೇ ಇಲ್ಲ.

ಕೇಬಲ್ ಸರಿಯಿದ್ದರೆ ಪ್ಲಗ್ ತೆಗೆದು ಹೊಸ ರ್‍ಯಾಮ್ ಹೊರಗಿಡಿ, ಹಳೆಯದೊಂದರಲ್ಲೇ ಆನ್ ಮಾಡಿ. ಪರದೆ ಬಂದರೆ ಅದನ್ನು ತೆಗೆದು, ಅದೇ ಸ್ಲಾಟ್‌ನಲ್ಲಿ ಹೊಸದೊಂದನ್ನೇ ಪರೀಕ್ಷಿಸಿ. ನಾಲ್ಕು ಸ್ಲಾಟ್ ಇರುವ ಬೋರ್ಡ್‌ಗಳಲ್ಲಿ ಸಾಮಾನ್ಯವಾಗಿ ಒಂದೇ ಸ್ಟಿಕ್ ಆದರೆ ಪ್ರೊಸೆಸರ್ ಕಡೆಯಿಂದ ಎರಡನೆಯದು, ಎರಡಾದರೆ ಎರಡು ಮತ್ತು ನಾಲ್ಕನೆಯದು. ಲಾಚ್ ಟಕ್ಕೆಂದು ಕೂರುವವರೆಗೆ ಎರಡೂ ತುದಿಯಲ್ಲಿ ಒತ್ತಬೇಕು; ಅರ್ಧ ಕೂತ ರ್‍ಯಾಮೇ ಇಂಥ ತೊಂದರೆಗೆ ಹೆಚ್ಚಾಗಿ ಕಾರಣ. ಹಳೆಯ ಸ್ಟಿಕ್‌ನ ಚಿನ್ನದ ಬಣ್ಣದ ಅಂಚು ಮಂಕಾಗಿದ್ದರೆ ಮೃದುವಾದ ರಬ್ಬರ್‌ನಿಂದ ನವಿರಾಗಿ ಉಜ್ಜಿ, ಪುಡಿ ಪೂರಾ ಒರೆಸಿ. ಎರಡೂ ಒಂದೊಂದೇ ಆಗಿ ಓಡಿ, ಜೊತೆಯಾದಾಗ ಮಾತ್ರ ತಕರಾರು ತೆಗೆದರೆ ಬಯಾಸ್‌ನಲ್ಲಿ ಎಕ್ಸ್‌ಎಂಪಿ (ರ್‍ಯಾಮನ್ನು ಹೆಚ್ಚಿನ ವೇಗದಲ್ಲಿ ಓಡಿಸುವ ಸೆಟ್ಟಿಂಗ್) ಆಫ್ ಮಾಡಿ ನೋಡಿ.

ನಿಮ್ಮದು ಹೊಸ ಪೀಳಿಗೆಯ ಡಿಡಿಆರ್5 ರ್‍ಯಾಮ್ ಆದರೆ ತಾಳ್ಮೆ ಬೇಕು. ರ್‍ಯಾಮ್ ಬದಲಾದ ಮೇಲೆ ಮೊದಲ ಸಲ ಮೆಮೊರಿ ಟ್ರೇನಿಂಗ್, ಅಂದರೆ ಬೋರ್ಡ್ ಹೊಸ ರ್‍ಯಾಮ್‌ಗೆ ಹೊಂದಿಕೊಳ್ಳುವ ಕೆಲಸ, ನಡೆಯುತ್ತದೆ. ಪರದೆ ಕೆಲವು ನಿಮಿಷ ಕಪ್ಪಗೇ ಇರಬಹುದು, ನಡುವೆ ಆಫ್ ಮಾಡಬೇಡಿ.

ಪ್ರಶ್ನೆ: ಕರೆಂಟ್ ಹೋಗಿ ಬಂದ ಕೂಡಲೇ ಕಂಪ್ಯೂಟರ್ ತಾನಾಗಿಯೇ ಆನ್ ಆಗುತ್ತದೆ. ವೈರಸ್ ಇರಬಹುದೇ?
– ಓದುಗರು, ಕೊಪ್ಪಳ

ಉತ್ತರ: ವೈರಸ್ ಅಲ್ಲ, ಸೆಟ್ಟಿಂಗ್. ಬಯಾಸ್‌ನ ಪವರ್ ವಿಭಾಗದಲ್ಲಿ ‘ರಿಸ್ಟೋರ್ ಆನ್ ಎಸಿ ಪವರ್ ಲಾಸ್’ ಅಥವಾ ಅದನ್ನು ಹೋಲುವ ಸಾಲು ಇರುತ್ತದೆ, ಅದನ್ನು ‘ಪವರ್ ಆಫ್’ ಮಾಡಿ. ಕರೆಂಟ್ ಮರಳಿದ ಮೊದಲ ಕ್ಷಣಗಳಲ್ಲಿ ವೋಲ್ಟೇಜ್ ಏರುಪೇರಾಗಬಹುದು, ಆಗ ಯಂತ್ರ ಮಲಗಿರುವುದೇ ಲೇಸು. ಸಿಸಿಟಿವಿ ದಾಖಲಿಸುವ ಕಂಪ್ಯೂಟರ್ ಮಾತ್ರ ಇದಕ್ಕೆ ಹೊರತು.

ಪ್ರಶ್ನೆ: ವಿಂಡೋಸ್ 11 ಹಾಕಲು ಸೆಕ್ಯೂರ್ ಬೂಟ್ (ಸಹಿಯುಳ್ಳ ತಂತ್ರಾಂಶದಿಂದಷ್ಟೇ ಕಂಪ್ಯೂಟರ್ ಶುರುವಾಗಲು ಬಿಡುವ ಕಾವಲು) ಬೇಕೆಂದು ಸಿಎಸ್‌ಎಂ ಆಫ್ ಮಾಡಿದೆ. ಈಗ ವಿಂಡೋಸ್ 10 ಕೂಡ ತೆರೆಯುತ್ತಿಲ್ಲ.
– ಓದುಗರು, ಬೆಂಗಳೂರು

ಉತ್ತರ: ಸಿಎಸ್‌ಎಂ ಮತ್ತೆ ಆನ್ ಮಾಡಿ, ಹಳೆಯ ವಿಂಡೋಸ್ ಬರುತ್ತದೆ. ನೀವು ಮಾಡಿದ್ದು ಸರಿಯಾದ ಕೆಲಸವೇ, ಕ್ರಮ ಮಾತ್ರ ಹಿಂದುಮುಂದು. ಮೊದಲು ಡಿಸ್ಕ್ ಎಂಬಿಆರ್‌ನಿಂದ ಜಿಪಿಟಿ ಎಂಬ ಹೊಸ ಪಾರ್ಟಿಷನ್ ಕ್ರಮಕ್ಕೆ ಬದಲಾಗಬೇಕು. ಇದಕ್ಕೆ ‘ಎಂಬಿಆರ್2ಜಿಪಿಟಿ’ ಎಂಬ ಸಾಧನ ವಿಂಡೋಸ್ 10ರ 1703 ಆವೃತ್ತಿಯಿಂದ ಒಳಗೇ ಇದೆ. ಬ್ಯಾಕಪ್ ಮಾಡಿಕೊಂಡು ಮೊದಲು ಅದರ ‘ವ್ಯಾಲಿಡೇಟ್’ ಪರೀಕ್ಷೆ, ಅದು ಪಾಸಾದರೆ ಮಾತ್ರ ‘ಕನ್ವರ್ಟ್’. ಸಿ, ಡಿ, ಇ ಎಂದು ಧಾರಾಳವಾಗಿ ಹಂಚಿದ ಡಿಸ್ಕ್‌ಗಳು ಇಲ್ಲೇ ಎಡವುವುದು: ಮೂರಕ್ಕಿಂತ ಹೆಚ್ಚು ಪ್ರೈಮರಿ (ಮುಖ್ಯ) ಪಾರ್ಟಿಷನ್ ಇದ್ದರೂ, ಒಂದೇ ಒಂದು ಲಾಜಿಕಲ್ (ದೊಡ್ಡ ಪಾರ್ಟಿಷನ್ನಿನೊಳಗೆ ಮಾಡಿದ) ಪಾರ್ಟಿಷನ್ ಇದ್ದರೂ ಸಾಧನ ಒಪ್ಪುವುದಿಲ್ಲ. ಹಾಗಾದರೆ ಇ ಡ್ರೈವ್‌ನಲ್ಲಿರುವುದನ್ನು ಬೇರೆಡೆ ಸಾಗಿಸಿ, ಆ ಪಾರ್ಟಿಷನ್ ಅಳಿಸಬೇಕಾಗುತ್ತದೆ.

ಕನ್ವರ್ಟ್ ಮುಗಿದ ಮೇಲೆ ಸಿಎಸ್‌ಎಂ ಆಫ್ ಮಾಡಿ, ವಿಂಡೋಸ್ 10 ಒಮ್ಮೆ ತೆರೆದು ನೋಡಿ, ಆಮೇಲೆ ಸೆಕ್ಯೂರ್ ಬೂಟ್ ಆನ್ ಮಾಡಿ. ಟಿಪಿಎಂ 2.0 (ಭದ್ರತಾ ಕೀಲಿಗಳನ್ನು ಕಾಪಾಡುವ ಘಟಕ) ಕೂಡ ಬೇಕು. ಬಯಾಸ್‌ನಲ್ಲಿ ಅದು ಇಂಟೆಲ್‌ಗೆ ‘ಪಿಟಿಟಿ’, ಎಎಂಡಿಗೆ ‘ಎಫ್‌ಟಿಪಿಎಂ’ ಎಂಬ ಹೆಸರಿನಲ್ಲಿರುತ್ತದೆ. ಡಿಸ್ಕಿಗೆ ಗೂಢಲಿಪಿಯ ಬೀಗ ಹಾಕುವ ಬಿಟ್‌ಲಾಕರ್ ಇದ್ದರೆ ಇದನ್ನೆಲ್ಲ ಮುಟ್ಟುವ ಮೊದಲೇ ಸಸ್ಪೆಂಡ್ ಮಾಡಿ, 48 ಅಂಕಿಗಳ ರಿಕವರಿ ಕೀಲಿಯನ್ನು ಕಾಗದದಲ್ಲಿ ಬರೆದಿಟ್ಟುಕೊಳ್ಳಿ. ಆ ಕಾಗದ ಕಂಪ್ಯೂಟರಿನ ಹೊರಗಿರಲಿ. ಕೀಲಿಯನ್ನು ಅದೇ ಡಿಸ್ಕಿನಲ್ಲಿ ಫೈಲ್ ಆಗಿ ಉಳಿಸಿಕೊಂಡವರೂ ಇದ್ದಾರೆ.