ಅಕ್ಷರ ಬಾರದ ತಂದೆಗೆ ಮಾತ್ರೆಯ ಹೆಸರು ಓದಲು ಕಲಿಸಬೇಕೇ?

ಮಾತ್ರೆ ಅದಲುಬದಲಾಗದಿರಲು ನಿಮ್ಮ ತಂದೆಗೆ ಈ ವಯಸ್ಸಿನಲ್ಲಿ ಓದು ಕಲಿಸಬೇಕೇ ಎಂದು ಕೇಳಿದ್ದೀರಿ. ಬೇಡ. ಮುಳಬಾಗಿಲು ತಾಲ್ಲೂಕಿನ ನಮ್ಮ ಮನೆಯಲ್ಲಿ ಅಮ್ಮನ ಜೀವಕ್ಕೆ ಕುತ್ತು ತಂದದ್ದು ಓದು ಬಲ್ಲವರ ಬರವಣಿಗೆಯೇ.

ಅಮ್ಮನಿಗೆ ರುಮಟಾಯ್ಡ್ ಸಂಧಿವಾತ. ಅದಕ್ಕೆ ಕೊಡುವ ಮೆಥೊಟ್ರೆಕ್ಸೇಟ್ ಮಾತ್ರೆ ಭಾನುವಾರ ಮಾತ್ರ, ಅದರ ಅಡ್ಡಪರಿಣಾಮ ತಗ್ಗಿಸುವ ಫೋಲಿಕ್ ಆಸಿಡ್ ಉಳಿದ ದಿನಗಳಲ್ಲಿ ಎಂದು ವೈದ್ಯರು ಹೇಳಿದ್ದರು. ಎರಡೂ ಸಣ್ಣ ಹಳದಿ ಮಾತ್ರೆಗಳು. ಔಷಧದಂಗಡಿಯವರು ಸ್ಟ್ರಿಪ್ ಕತ್ತರಿಸಿ ಎರಡು ಕಾಗದದ ಕವರಿಗೆ ಹಾಕಿ, ಎರಡರ ಮೇಲೂ 1-0-0 ಎಂದು ಗೀಚಿದರು. ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಇಲ್ಲ ಎಂದಷ್ಟೇ ಅದರ ಅರ್ಥ. ವಾರಕ್ಕೊಮ್ಮೆ ಎಂಬುದನ್ನು ಆ ಅಂಕಿಗಳಲ್ಲಿ ಹೇಳಲು ಬರುವುದೇ ಇಲ್ಲ, ಅಕ್ಷರದಲ್ಲೇ ಬರೆಯಬೇಕು. "ಡಾಕ್ಟ್ರು ಭಾನುವಾರ ಅಂದಂಗಿತ್ತು" ಎಂದು ಅಮ್ಮ ಹೇಳಿದರೂ, ಪದವೀಧರರಿರುವ ಮನೆಯಲ್ಲಿ ಅವರ ಕಿವಿಗಿಂತ ಕವರಿಗೇ ಬೆಲೆ ಸಿಕ್ಕಿತು.

ದಿನವೂ ನುಂಗಿದ ಮೆಥೊಟ್ರೆಕ್ಸೇಟ್, ಬೇಗ ಬೇಗ ಬೆಳೆಯುವ ಜೀವಕೋಶಗಳಿರುವ ಬಾಯಿಯ ಒಳಪದರ ಮತ್ತು ರಕ್ತಕಣ ಹುಟ್ಟುವ ಅಸ್ಥಿಮಜ್ಜೆಯನ್ನು ಹೊಡೆಯಿತು. ಬಾಯಿ ತುಂಬ ಹುಣ್ಣು, ಮುದ್ದೆಯ ತುತ್ತೂ ಇಳಿಯದು, ಮೇಲೆ ಜ್ವರ. ರಕ್ತದಲ್ಲಿ ಬಿಳಿಕಣ, ಪ್ಲೇಟ್‌ಲೆಟ್ ಎರಡೂ ಕುಸಿದಿದ್ದವು. ಆಸ್ಪತ್ರೆಯಲ್ಲಿ, ಮೆಥೊಟ್ರೆಕ್ಸೇಟ್ ಅತಿಯಾದಾಗ ಕೊಡುವ ಫೋಲಿನಿಕ್ ಆಸಿಡ್ ಎಂಬ ಬೇರೆ ಮದ್ದು ಕೊಟ್ಟು ಉಳಿಸಿದರು.

2011ರ ಜನಗಣತಿಯಂತೆ ನಮ್ಮ ಕೋಲಾರ ಜಿಲ್ಲೆಯ ಸಾಕ್ಷರತೆ ಶೇ. 74ರ ಆಸುಪಾಸು. ಕನ್ನಡವನ್ನೋ ತೆಲುಗನ್ನೋ ಮಾತ್ರ ಓದಿ ಬರೆಯಬಲ್ಲವರೂ ಆ ಲೆಕ್ಕಕ್ಕೆ ಸೇರುತ್ತಾರೆ. ಸ್ಟ್ರಿಪ್ಪಿನ ಮೇಲಿರುವುದು ಹೆಚ್ಚಾಗಿ ಇಂಗ್ಲಿಷ್. ಹಾಗಿರುವಾಗ ನಿಮ್ಮ ತಂದೆಯೊಬ್ಬರನ್ನೇ ಕೊರತೆಯುಳ್ಳವರೆಂದು ಕೂರಿಸಿ ಅಕ್ಷರ ತಿದ್ದಿಸುವುದು ನನಗೆ ಅನ್ಯಾಯವಾಗಿ ಕಾಣುತ್ತದೆ. ರೋಗಿಗೆ ತಿಳಿಸಿ ಹೇಳುವುದು ಫಾರ್ಮಾಸಿಸ್ಟರ ಕರ್ತವ್ಯವೆಂದು 2015ರ ಫಾರ್ಮಸಿ ಪ್ರಾಕ್ಟೀಸ್ ನಿಯಮಾವಳಿಯೇ ಹೇಳುತ್ತದೆ. ಹಿಂದೆ ಸರತಿ ಎಷ್ಟೇ ಉದ್ದವಿರಲಿ, ಸಂಕೋಚಪಡದೆ ಕೇಳಿ. ಹೇಳಿದ ಮೇಲೆ "ಅರ್ಥವಾಯಿತೇ?" ಎಂದು ಅವರು ಕೇಳಿದರೆ ಸಾಲದು, ಅದಕ್ಕೆ ಎಲ್ಲರೂ ತಲೆಯಾಡಿಸುತ್ತಾರೆ, ಯಾವುದನ್ನು ಯಾವಾಗ ನುಂಗುತ್ತೀರಿ ಎಂದು ತಂದೆಯ ಬಾಯಿಂದಲೇ ಹೇಳಿಸಲಿ. ಅವರ ನೆನಪಿಗೂ ಕವರಿಗೂ ತಾಳೆಯಾಗದಿದ್ದರೆ, ಮಾತ್ರೆ ಕೊಡುವ ಮೊದಲು ವೈದ್ಯರಿಗೆ ಫೋನ್ ಮಾಡಿ. ವಾರಕ್ಕೊಮ್ಮೆಯ ಮಾತ್ರೆಯೇನಾದರೂ ಇದ್ದರೆ ಅದನ್ನು ಸ್ಟ್ರಿಪ್ಪಿನಲ್ಲೇ ಬಿಟ್ಟು, ದಿನದ ಡಬ್ಬಿಗೆ ಸೇರಿಸದೆ ಬೇರೆ ಕಡೆ ಇಡಿ.