ಸಂಗೀತ ಪತ್ರಿಕೆಯ ಜೋಡಿಪುಟ: ನಿಮ್ಮ ಕರಡಿನ ಬಗ್ಗೆ

ನಿಮ್ಮ ಸಂಗೀತ ಸಭೆಯ ತ್ರೈಮಾಸಿಕ ಪತ್ರಿಕೆಗೆ ಹಿರಿಯ ಗಾಯಕಿಯ ಮೇಲೆ ನಾಲ್ಕು ಪುಟದ ಲೇಖನ ಮಾಡುತ್ತಿದ್ದೀರಿ. ಮೊದಲ ಜೋಡಿಪುಟದ, ಅಂದರೆ ಎದುರುಬದುರಿನ ಎರಡು ಪುಟಗಳ, ಕರಡು ಇಲ್ಲಿ ಹಾಕಿ, "ಏನೋ ಕಿಕ್ಕಿರಿದಂತಿದೆ, ಎಲ್ಲಿ ಸರಿಪಡಿಸಲಿ?" ಎಂದು ಕೇಳಿದ್ದೀರಿ. ಮೇಲೆ ಉತ್ತರಿಸಿದ ಮೂವರು ಬಣ್ಣ ಬದಲಿಸಲು ಹೇಳಿದ್ದಾರೆ. ತೊಂದರೆ ಬಣ್ಣದ್ದಲ್ಲ. ಐದು ಚಿತ್ರಗಳಿವೆ, ಐದೂ ಹೆಚ್ಚುಕಡಿಮೆ ಒಂದೇ ಅಳತೆಯವು. ಕಛೇರಿಯಲ್ಲಿ ಹಾಡುಗಾರ್ತಿಯನ್ನು ಬಿಟ್ಟು ಎಲ್ಲರೂ ಒಟ್ಟಿಗೆ ತನಿ (ಲಯವಾದ್ಯಗಳ ಒಂಟಿ ನುಡಿಸಾಣಿಕೆ) ಶುರುಮಾಡಿದ ಹಾಗಿದೆ.

ಒಂದೇ ಚಿತ್ರ ಇಡಿ. ಉಳಿದ ನಾಲ್ಕು ಮುಂದಿನ ಪುಟಗಳಿಗೆ ಹೋಗಲಿ. ಯಾವ ಚಿತ್ರ ಎಂದರೆ, ನನ್ನ ಮತ ಮನೆಯಲ್ಲಿ ತಂಬೂರಿ ಶ್ರುತಿ ಮಾಡುತ್ತಿರುವುದಕ್ಕೆ. ವೇದಿಕೆಯ ಚಿತ್ರದಲ್ಲಿ ಮೈಕು ಬಾಯಿಯನ್ನೇ ಮುಚ್ಚಿದೆ, ಹಿಂದೆ ಪ್ರಾಯೋಜಕರ ಬ್ಯಾನರ್ ಇಣುಕುತ್ತಿದೆ. ಶ್ರುತಿಯ ಚಿತ್ರದಲ್ಲಿ ಅವರ ಕಿವಿ ತಂತಿಯ ಕಡೆಗಿದೆ, ಕಣ್ಣು ಅರ್ಧ ಮುಚ್ಚಿದೆ. ಅದನ್ನು ನೋಡಿದವರು ಪುಟ ತಿರುಗಿಸದೆ ನಿಲ್ಲುತ್ತಾರೆ.

ಅಮೆರಿಕದ ರೋಲಿಂಗ್ ಸ್ಟೋನ್ ಪತ್ರಿಕೆಗೆ 1987ರಿಂದ 2001ರವರೆಗೆ ಕಲಾ ನಿರ್ದೇಶಕರಾಗಿದ್ದ ಫ್ರೆಡ್ ವುಡ್‌ವರ್ಡ್ ಅವರ ಪುಟಗಳನ್ನು ಹುಡುಕಿ ನೋಡಿ. ಹಲವು ಕಡೆ ಒಂದು ಪುಟ ತುಂಬ ಒಂದೇ ಭಾವಚಿತ್ರ, ಎದುರು ಪುಟ ತುಂಬ ಅಕ್ಷರ, ಅಷ್ಟೇ. ಶೀರ್ಷಿಕೆಯ ಅಕ್ಷರವನ್ನು ಆಯಾ ಕಲಾವಿದರ ಸ್ವಭಾವ ನೋಡಿ ಆರಿಸುತ್ತಿದ್ದರು, ಹಾಗಾಗಿ ಲೇಖನದಿಂದ ಲೇಖನಕ್ಕೆ ಅದು ಬೇರೆಯಾಗುತ್ತಿತ್ತು. ಪುಟದ ಸುತ್ತಲಿನ ದಪ್ಪ-ತೆಳು ಜೋಡಿಗೆರೆಯ ಚೌಕಟ್ಟು ಮಾತ್ರ ಪತ್ರಿಕೆಯ ಗುರುತಾಗಿ ಉಳಿಯುತ್ತಿತ್ತು. ರಾಗ ಬದಲಾದರೂ ತಂಬೂರಿ ಅದೇ. ನೀವು ಶೀರ್ಷಿಕೆಗೆ ಒಂದು, ಬೈಲೈನ್‌ಗೆ (ಲೇಖಕರ ಹೆಸರಿನ ಸಾಲಿಗೆ) ಇನ್ನೊಂದು, ಪಠ್ಯಕ್ಕೆ ಮತ್ತೊಂದು ಫಾಂಟ್ ಬಳಸಿದ್ದೀರಿ, ಉದ್ಧೃತ ವಾಕ್ಯಕ್ಕೆ ನಾಲ್ಕನೆಯದು. ಎರಡು ಸಾಕು. ಪಠ್ಯಕ್ಕೆ ತಿರೋ ಕನ್ನಡ ಅಥವಾ ನೋಟೋ ಸೆರಿಫ್ ಕನ್ನಡ, ಶೀರ್ಷಿಕೆಗೆ ಅನೇಕ್ ಕನ್ನಡ. ಎಲ್ಲವೂ ಉಚಿತ. ಅನೇಕ್‌ನಲ್ಲಿ ದಪ್ಪದ ಜೊತೆಗೆ ಅಗಲವನ್ನೂ ಹೆಚ್ಚುಕಡಿಮೆ ಮಾಡಬಹುದು. ಕನ್ನಡದಲ್ಲಿ ದೊಡ್ಡಕ್ಷರ-ಸಣ್ಣಕ್ಷರ ಎಂಬುದಿಲ್ಲ, ಬಾಗಿಸಿದ ಇಟ್ಯಾಲಿಕ್ ಬಹುಮಟ್ಟಿಗೆ ಯಂತ್ರ ವಾಲಿಸಿದ್ದೇ. ನಮಗೆ ದಪ್ಪ, ಅಗಲ, ಗಾತ್ರಗಳೇ ಆಧಾರ.

ಉತ್ತರಿಸಿದ ಇನ್ನೊಬ್ಬರು ಅಮೆರಿಕದ ರಾಕ್ ಸಂಗೀತದ ರೇ ಗನ್ ಪತ್ರಿಕೆಯ ಹಾಗೆ ಅಕ್ಷರ ಚೆಲ್ಲಾಡಿ ಎಂದಿದ್ದಾರೆ. ಆ ಪತ್ರಿಕೆಯ ವಿನ್ಯಾಸಕಾರ ಡೇವಿಡ್ ಕಾರ್ಸನ್ 1994ರಲ್ಲಿ ಗಾಯಕ ಬ್ರಯನ್ ಫೆರಿ ಅವರ ಸಂದರ್ಶನ ನೀರಸವೆನಿಸಿ, ಅದನ್ನು ಬರೀ ಚಿಹ್ನೆಗಳಿರುವ ಜಾಫ್ ಡಿಂಗ್‌ಬ್ಯಾಟ್ಸ್ ಫಾಂಟ್‌ನಲ್ಲಿ ಜೋಡಿಸಿಬಿಟ್ಟರು. ಅವರ ಓದುಗರು ರಾಕ್ ಕೇಳುವ ಹುಡುಗರು. ನಿಮ್ಮ ಓದುಗರು ಕನ್ನಡಕ ಎಲ್ಲಿಟ್ಟೆ ಎಂದು ಹುಡುಕುವವರು.

ಈಗ ಶೀರ್ಷಿಕೆ. "ಶ್ರುತಿ ತಪ್ಪದ ಐವತ್ತು ವರ್ಷ" ಚೆನ್ನಾಗಿದೆ, ಆದರೆ ಇಷ್ಟರಲ್ಲೇ ಮೂರು ಒತ್ತು, ಒಂದು ಅರ್ಕಾವೊತ್ತು ಇವೆ. ನೀವು ಅದನ್ನು ಎರಡು ಸಾಲಾಗಿ ಒಡೆದು ಸಾಲುಗಳನ್ನು ಹತ್ತಿರ ತಂದಿದ್ದೀರಿ. "ತಪ್ಪದ"ದ ಪಒತ್ತು ಕೆಳಗಿನ "ಐವತ್ತು"ವಿನ ತಲೆಗೆ ಬಡಿಯುತ್ತಿದೆ. ಇಂಗ್ಲಿಷ್ ಪುಟಗಳಲ್ಲಿ ಸಾಲುಗಳನ್ನು ಅಂಟಿಸಿದಂತೆ ಇಡುವುದು ಚಂದ, ನಮ್ಮಲ್ಲಿ ಒತ್ತಿಗೆ ಜಾಗ ಬೇಕು. "ಶ್ರುತಿ" ಒಂದನ್ನೇ ದೊಡ್ಡದು ಮಾಡಿ, ಉಳಿದದ್ದನ್ನು ಅದರ ಕೆಳಗೆ ಚಿಕ್ಕದಾಗಿ ಒಂದೇ ಸಾಲಿನಲ್ಲಿ ಇಡಿ. ರಒತ್ತು ಇಳಿಯುವ ಕಡೆ ಚಿಕ್ಕ ಸಾಲನ್ನು ಬಲಕ್ಕೆ ಸರಿಸಿದರೆ ಎರಡೂ ಒಂದಕ್ಕೊಂದು ಕೂಡಿಕೊಳ್ಳುತ್ತವೆ.

ಪಠ್ಯದ ಮೊದಲ ಅಕ್ಷರವನ್ನು ಮೂರು ಸಾಲಿನಷ್ಟು ದೊಡ್ಡದು ಮಾಡಿದ್ದೀರಿ. "ಪ್ರತಿ ದಿನ ಬೆಳಿಗ್ಗೆ" ಎಂದು ಶುರುವಾಗುವುದರಿಂದ "ಪ್ರ"ದ ಒತ್ತು ನಾಲ್ಕನೆಯ ಸಾಲಿನ ಮೇಲೆ ಕುಳಿತಿದೆ. ಲೇಖಕರನ್ನು ಕೇಳಿ "ದಿನವೂ ಬೆಳಿಗ್ಗೆ" ಎಂದು ಮಾಡಿಸಿ. ನಾನು ಹದಿನೆಂಟು ವರ್ಷದಿಂದ ಹೀಗೆ ಲೇಖಕರನ್ನು ಪೀಡಿಸುತ್ತಿದ್ದೇನೆ, ಯಾರೂ ಬೇಸರಿಸಿಲ್ಲ. ಪುಟ ಜೋಡಿಸಲು ಇನ್‌ಡಿಸೈನ್ ತಂತ್ರಾಂಶ ಬಳಸುವುದಾದರೆ ಪ್ಯಾರಾಗ್ರಾಫ್ ಸೆಟ್ಟಿಂಗ್‌ನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿ, ಇಲ್ಲದಿದ್ದರೆ ಯೂನಿಕೋಡ್ ಒತ್ತುಗಳು ಚೂರಾಗುತ್ತವೆ. ಮೂರು ಕಾಲಂ ಬೇಡ, ಎರಡು ಮಾಡಿ. "ಹಾಡುತ್ತಿದ್ದರೆಂಬುದನ್ನು" ಎಂಬಂಥ ಪದ ಕಿರಿದಾದ ಕಾಲಂನಲ್ಲಿ ಬಂದರೆ ಎರಡೂ ಅಂಚು ಸಮ ಮಾಡುವ ಹಟಕ್ಕೆ ಪಕ್ಕದ ಸಾಲಿನಲ್ಲಿ ಹೊಂಡ ಬೀಳುತ್ತದೆ. ಪಠ್ಯ 10.5 ಪಾಯಿಂಟ್ ಇದ್ದರೆ ಸಾಲಿನ ಅಂತರ 15.5 ಅಥವಾ 16 ಇರಲಿ.

ಕಪ್ಪು ಹಿನ್ನೆಲೆಯ ಮೇಲಿನ ಬಿಳಿ ಪಠ್ಯವನ್ನು ತೆಗೆದುಬಿಡಿ. ನಾಲ್ಕು ಬಣ್ಣದ ಮುದ್ರಣದಲ್ಲಿ ಒಂದು ಬಣ್ಣ ಕೂದಲೆಳೆಯಷ್ಟು ಜರುಗಿದರೂ ಒತ್ತಿನ ಸಣ್ಣ ಸುಳಿಗಳು ತುಂಬಿಹೋಗುತ್ತವೆ. ಪರದೆಯಲ್ಲಿ ಇದು ಕಾಣುವುದಿಲ್ಲ.

ಚಿತ್ರದ ಅಳತೆ: ಎ4 ಜೋಡಿಪುಟ 420 ಮಿ.ಮೀ. ಅಗಲ, ಎರಡು ಕಡೆ 3 ಮಿ.ಮೀ. ಬ್ಲೀಡ್ (ಮುದ್ರಣದ ನಂತರ ಕತ್ತರಿಸಿಹೋಗುವ ಹೆಚ್ಚುವರಿ ಅಂಚು) ಸೇರಿ 426. ಪ್ರತಿ ಇಂಚಿಗೆ 300 ಪಿಕ್ಸೆಲ್ ಬೇಕೆಂದರೆ ಸುಮಾರು 5,000 ಪಿಕ್ಸೆಲ್ ಅಗಲದ ಚಿತ್ರ ಬೇಕು. ವಾಟ್ಸ್‌ಆ್ಯಪ್‌ನಲ್ಲಿ ಮಾಮೂಲಾಗಿ ಕಳುಹಿಸಿದ್ದು 1,600ರ ಆಸುಪಾಸಿನಲ್ಲಿರುತ್ತದೆ, ಅದು ಹದಿಮೂರೂವರೆ ಸೆಂಟಿಮೀಟರ್‌ಗೆ ಮುಗಿಯಿತು. ಚಿತ್ರ ತೆಗೆದವರ ಮನೆಗೇ ಹೋಗಿ ಮೂಲ ಫೈಲ್ ತನ್ನಿ.

ನಿಮ್ಮದು 32 ಪುಟ, ಪಿನ್ ಹೊಡೆದದ್ದು. ಹಾಗಾದರೆ ಈ ಜೋಡಿಪುಟವನ್ನು 16-17ಕ್ಕೆ ತನ್ನಿ. ಅದು ನಡುವಿನ ಹಾಳೆ, ಒಂದೇ ಕಾಗದ, ಚಿತ್ರ ತುಂಡಾಗುವುದಿಲ್ಲ. ಸಂಪಾದಕರು ಒಪ್ಪದಿದ್ದರೆ ಮುಖ, ಬೆರಳುಗಳನ್ನು ಮಡಿಕೆಯಿಂದ ಎರಡು ಕಡೆಗೂ 12 ಮಿ.ಮೀ. ದೂರ ಇಡಿ.

ಕೊನೆಗೆ ಸಂಗೀತ ಪತ್ರಿಕೆಗೇ ಸೇರಿದ ತಪ್ಪೊಂದು. ನಾನು ಹೊಸಬನಾಗಿದ್ದಾಗ ಪಿಟೀಲು ವಾದಕರೊಬ್ಬರ ಮುಖ ಪುಟದ ಹೊರಗೆ ನೋಡುತ್ತಿತ್ತೆಂದು ಚಿತ್ರವನ್ನು ಕನ್ನಡಿಯಂತೆ ತಿರುಗಿಸಿದೆ. ಸಂಚಿಕೆ ಬಂದ ಸಂಜೆ ಅವರೇ ಫೋನ್ ಮಾಡಿ, "ನಾನು ಎಡಗೈಯಲ್ಲಿ ಕಮಾನು ಹಿಡಿದದ್ದು ಯಾವಾಗ?" ಎಂದು ಕೇಳಿದರು. ಅಂದಿನಿಂದ ಚಿತ್ರ ತಿರುಗಿಸಿಲ್ಲ. ಮುಖ ಹೊರಗೆ ನೋಡಿದರೆ ಚಿತ್ರವನ್ನು ಎದುರು ಪುಟಕ್ಕೆ ಒಯ್ಯುತ್ತೇನೆ.

ನಿಮ್ಮ ಕರಡಿನ ಎರಡನೆಯ ಚಿತ್ರದಲ್ಲಿ ಸಾಮಾನ್ಯವಾಗಿ ಎಡಗೈಗಿರುವ ಮೃದಂಗದ ದೊಡ್ಡ ಮುಖ ವಾದಕರ ಬಲಗೈಗೆ ಬಂದಿದೆ. ಪಳನಿ ಸುಬ್ರಮಣ್ಯ ಪಿಳ್ಳೈ ಅವರಂಥ ಎಡಗೈ ವಾದಕರು ಇದ್ದರು, ಈಗಲೂ ಇದ್ದಾರೆ. ಆದ್ದರಿಂದ ತಪ್ಪೆಂದು ಹೇಳುತ್ತಿಲ್ಲ. ಆದರೆ ಅದೇ ಚಿತ್ರದಲ್ಲಿ ಹಿಂದಿನ ಬ್ಯಾನರ್‌ನ ಅಕ್ಷರಗಳೂ ತಿರುಗುಮುರುಗಾಗಿ ಕಾಣುತ್ತಿವೆ, ಒಮ್ಮೆ ದೊಡ್ಡದು ಮಾಡಿ ನೋಡಿ.