ಕೋರ್ಟ್ ಫೀಗೆ ಹಣವಿಲ್ಲ, ಮೇಲ್ಮನವಿ ಹೇಗೆ?

ಪ್ರಶ್ನೆ: ಕುಮಟಾದ ಹಿರಿಯ ಸಿವಿಲ್ ನ್ಯಾಯಾಧೀಶರ ಕೋರ್ಟಿನಲ್ಲಿ ಅಡಿಕೆ ತೋಟದ ದಾವೆ ಸೋತಿದ್ದೇನೆ. ಇನ್ನು ಧಾರವಾಡ ಹೈಕೋರ್ಟ್ ಪೀಠಕ್ಕೇ ಹೋಗಬೇಕು. ವಾಸದ ಮನೆ, ಸೊಸೈಟಿಯಲ್ಲಿ ನಾಲ್ಕು ಷೇರು ಬಿಟ್ಟರೆ ಕೈಯಲ್ಲಿ ಏನಿಲ್ಲ. ಫೀ ಮನ್ನಾ ಆಗುತ್ತದೆಯೇ? ಅಪೀಲಿಗೆ 90 ದಿನ ಇದೆಯಂತಲ್ಲ?
– ಕೃಷಿಕ ಓದುಗರು, ಕುಮಟಾ

ಉತ್ತರ: ಮೊದಲು ಆ 90 ದಿನದ ಲೆಕ್ಕ ಬಿಡಿ. ಫೀ ಕಟ್ಟಿ ಹೈಕೋರ್ಟಿಗೆ ಹೋಗುವವರಿಗೆ 90 ದಿನ. ಫೀ ಕಟ್ಟುವ ಶಕ್ತಿಯಿಲ್ಲದ ನಿರ್ಗತಿಕರಾಗಿ ಮೇಲ್ಮನವಿಗೆ ಅನುಮತಿ ಕೇಳುವವರಿಗೆ 60 ದಿನ ಮಾತ್ರ. ಹೆಚ್ಚಿನವರು ಎಡವುವುದು ಇಲ್ಲೇ. ತೀರ್ಪು ಮತ್ತು ಡಿಕ್ರಿಯ ದೃಢೀಕೃತ ನಕಲಿಗೆ ಇವತ್ತೇ ಅರ್ಜಿ ಹಾಕಿ. ನಕಲು ತಯಾರಾಗಲು ಹಿಡಿದ ದಿನಗಳನ್ನು ಲೆಕ್ಕದಿಂದ ಬಿಡುತ್ತಾರೆ. ಅರ್ಜಿ ಹಾಕದೇ ಕಳೆದ ದಿನಗಳನ್ನು ಬಿಡುವುದಿಲ್ಲ, ತಯಾರಾದ ಮೇಲೆ ಒಯ್ಯದೇ ಬಿಟ್ಟ ದಿನಗಳನ್ನೂ ಬಿಡುವುದಿಲ್ಲ. ನಕಲಿನ ಮೇಲಿನ ಮೊಹರಿನಲ್ಲಿ ಈ ತಾರೀಕುಗಳೆಲ್ಲ ಇರುತ್ತವೆ, ಓದಿ ನೋಡಿ.

ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 44ರಡಿ ಈ ಅನುಮತಿಯ ಅರ್ಜಿಯ ಜೊತೆಗೇ ಮೇಲ್ಮನವಿಯ ಜ್ಞಾಪನವನ್ನೂ, ಅಂದರೆ ತೀರ್ಪಿಗೆ ನಿಮ್ಮ ಆಕ್ಷೇಪಗಳನ್ನು ಬರೆದ ಮೇಲ್ಮನವಿ ಪತ್ರವನ್ನೂ, ಕೊಡಬೇಕು. ಅರ್ಜಿ ತಿರಸ್ಕಾರವಾದರೂ ಫೀ ಕಟ್ಟಲು ಕೋರ್ಟ್ ಸಮಯ ಕೊಡಬಹುದು. ಆ ಅವಧಿಯೊಳಗೆ ಕಟ್ಟಿದರೆ ಮೊದಲ ದಿನವೇ ಕಟ್ಟಿದಂತೆ.

ಅರ್ಜಿಯಲ್ಲಿ ಆಸ್ತಿಪಟ್ಟಿಯೇ ಜೀವಾಳ. ಚರ, ಸ್ಥಿರ ಎಲ್ಲವನ್ನೂ ಅಂದಾಜು ಬೆಲೆ ಸಮೇತ ಬರೆಯಿರಿ. ವ್ಯಾಜ್ಯದಲ್ಲಿರುವ ತೋಟವನ್ನು ನಿಮ್ಮ ಶಕ್ತಿಯ ಲೆಕ್ಕಕ್ಕೆ ಹಿಡಿಯುವುದಿಲ್ಲ. ಕೃಷಿಕ ತಾನೇ ವಾಸವಿರುವ ಮನೆ, ಅಡುಗೆ ಪಾತ್ರೆ, ಬೇಸಾಯದ ಸಲಕರಣೆ ಜಪ್ತಿಯಿಂದ ಹೊರಗಾದ್ದರಿಂದ ಅವನ್ನೂ ಆ ಲೆಕ್ಕಕ್ಕೆ ಹಿಡಿಯುವುದಿಲ್ಲ. ಆದರೆ ಆ ನಾಲ್ಕು ಷೇರು, ಉಳಿತಾಯ ಖಾತೆಯ ಬಾಕಿ, ಪಹಣಿಯ 9ನೇ ಕಲಮಿನಲ್ಲಿ ಅಣ್ಣತಮ್ಮಂದಿರ ಜೊತೆ ನಿಮ್ಮ ಹೆಸರಿರುವ ಬೇರೆ ಸರ್ವೆ ನಂಬರು ಪಟ್ಟಿಯಲ್ಲಿ ಇರಲೇಬೇಕು. ಐನೂರು ರೂಪಾಯಿಯ ಷೇರಿನಿಂದ ಯಾರೂ ಶ್ರೀಮಂತರಾಗುವುದಿಲ್ಲ, ಅದನ್ನು ಮುಚ್ಚಿಟ್ಟದ್ದನ್ನು ಎದುರಾಳಿ ತೋರಿಸಿದರೆ ಮಾತ್ರ ನಿಮ್ಮ ಮಾತಿಗೆ ಬೆಲೆ ಹೋಗುತ್ತದೆ. ಫೀ ತಪ್ಪಿಸಲೆಂದು ಅರ್ಜಿಗೆ ಮುಂಚಿನ ಎರಡು ತಿಂಗಳಲ್ಲಿ ಮಗನಿಗೆ ದಾನಪತ್ರ ಬರೆದಿದ್ದರೂ ಅರ್ಜಿ ಬೀಳುತ್ತದೆ.

ಅರ್ಜಿಯನ್ನು ಖುದ್ದಾಗಿ ಕೊಡಬೇಕು, ಘಟ್ಟ ಹತ್ತುವುದು ತಪ್ಪದು. ಕುಮಟಾದಲ್ಲೂ ಇದೇ ಅನುಮತಿ ಸಿಕ್ಕಿದ್ದರೆ, ಡಿಕ್ರಿಯ ನಂತರವೂ ಸ್ಥಿತಿ ಸುಧಾರಿಸಿಲ್ಲವೆಂಬ ಪ್ರಮಾಣಪತ್ರ (ಅಫಿಡವಿಟ್) ಸಾಕು. ಸರ್ಕಾರಿ ವಕೀಲರೋ ಎದುರಾಳಿಯೋ ತಕರಾರು ತೆಗೆದರೆ ವಿಚಾರಣೆ ನಡೆಯುತ್ತದೆ.

ಜನ ಇದನ್ನು ಮನ್ನಾ ಅನ್ನುತ್ತಾರೆ. ನಿಜದಲ್ಲಿ ಇದು ಸಾಲದ ಹಾಗೆ. ಸೋತರೆ ಫೀ ಕಟ್ಟಲು ಕೋರ್ಟ್ ನಿಮಗೇ ಹೇಳುತ್ತದೆ. ಗೆದ್ದರೆ ಸರ್ಕಾರ ಅದನ್ನು ವಸೂಲು ಮಾಡುತ್ತದೆ, ವ್ಯಾಜ್ಯದ ಆಸ್ತಿಯ ಮೇಲೆ ಅದರದ್ದೇ ಮೊದಲ ಹಕ್ಕು.

ಪ್ರಶ್ನೆ: ಹೆಂಗಸರಿಗೆ ಇದ್ಯಾವುದೂ ಬೇಡ, ಕಾನೂನು ನೆರವಿನಲ್ಲಿ ಎಲ್ಲ ಉಚಿತ ಅಂತಾರೆ. ಹೌದೇ?
– ಓದುಗರು, ಅಂಕೋಲಾ

ಉತ್ತರ: ಬಹುಮಟ್ಟಿಗೆ ಹೌದು. 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಕಲಮಿನಡಿ ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರಿಗೆ ಆದಾಯ ಮಿತಿಯಿಲ್ಲ. ಪ್ರಕರಣದಲ್ಲಿ ಮೇಲ್ನೋಟಕ್ಕೆ ಹುರುಳಿರಬೇಕು, ಅಷ್ಟೇ. ವಕೀಲರು, ಕೋರ್ಟ್ ಫೀ, ನಕಲಿನ ಖರ್ಚು ಎಲ್ಲ ಇದರಲ್ಲಿ ಬರುತ್ತವೆ. ತಾಲೂಕಿನ ಕಾನೂನು ಸೇವಾ ಸಮಿತಿಗೋ ಕಾರವಾರದ ಜಿಲ್ಲಾ ಪ್ರಾಧಿಕಾರಕ್ಕೋ ಬಿಳಿಹಾಳೆಯಲ್ಲಿ ಅರ್ಜಿ ಬರೆದುಕೊಡಿ, ಸಹಾಯವಾಣಿ 15100. ಕೊಟ್ಟು ಮನೆಯಲ್ಲಿ ಕೂರಬೇಡಿ. ಸಮಿತಿ ವಕೀಲರನ್ನು ನೇಮಿಸುವವರೆಗೂ ಮೇಲ್ಮನವಿಯ ದಿನಗಳು ಓಡುತ್ತಲೇ ಇರುತ್ತವೆ.